ರಾಯಚೂರಿನ ಹೊಸ ಮನೆಗೆ ಸೌಂಡ್ ಬಾರ್ ತಗೊಳ್ಳಲೋ, 5.1 ಹಾಕಿಸಲೋ?

ರಾಯಚೂರಿನಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ಹಾಲ್ 12ಕ್ಕೆ 18 ಅಡಿ, ಮುಂದಿನ ತಿಂಗಳು ಗಿಲಾವು ಶುರು. ಅಂಗಡಿಯವರು 1000 ವಾಟ್‌ನ ಅಟ್ಮಾಸ್ (ಮೇಲಿನಿಂದಲೂ ಸದ್ದು ಬಂದಂತೆ ಕೇಳಿಸುವ) ಸೌಂಡ್ ಬಾರ್, ಅಂದರೆ ಟಿವಿ ಕೆಳಗಿಡುವ ಒಂದೇ ಉದ್ದ ಸ್ಪೀಕರ್ ತಗೊಳ್ಳಿ ಅಂದಿದ್ದಾರೆ, ಗೆಳೆಯರು ರಿಸೀವರ್ (ಎಲ್ಲ ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ) ಇಟ್ಟು 5.1 (ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಜೊತೆಗೆ ಬೇಸ್‌ಗೆ ಒಂದು ಸಬ್ ವೂಫರ್) ಹಾಕಿಸಿ ಅಂದಿದ್ದಾರೆ. ಯಾವುದು ಸರಿ ಅಂತ ಕೇಳಿದ್ದೀರಿ.

5.1 ಹಾಕಿಸಿ. ಬಾಡಿಗೆ ಮನೆಯಾಗಿದ್ದರೆ ಸೌಂಡ್ ಬಾರ್ ಅನ್ನುತ್ತಿದ್ದೆ. ನಿಮ್ಮ ಗೋಡೆಗಳಿಗೆ ಇನ್ನೂ ಪ್ಲಾಸ್ಟರ್ ಆಗಿಲ್ಲ. ಆಮೇಲೆ ಗೋಡೆ ಕೊರೆಸೋಕೆ ಮನೆಯಲ್ಲಿ ಯಾರೂ ಒಪ್ಪಲ್ಲ, ಆಗ ಬಾರ್ ಬಿಟ್ಟು ಬೇರೆ ದಾರಿ ಇರೋದಿಲ್ಲ. ಹಾಗಾಗಿ ಸಿಸ್ಟಮ್ ಯಾವುದು ಅನ್ನೋದು ನಿಧಾನಕ್ಕೆ ನೋಡೋಣ, ಮೊದಲು ಪೈಪ್ ಹಾಕಿಸಿ.

ಟಿವಿ ಬರುವ ಗೋಡೆಯಿಂದ ಸೋಫಾದ ಎಡಕ್ಕೊಂದು, ಬಲಕ್ಕೊಂದು ಪೈಪ್ ಬೇಕು. ಸ್ಪೀಕರ್ ವೈರ್‌ಗೆ ಮುಕ್ಕಾಲು ಇಂಚು ಸಾಕು. ಟಿವಿಯಿಂದ ರಿಸೀವರ್‌ಗೆ ಬರುವ ಎಚ್‌ಡಿಎಂಐ ಪೈಪ್ ಮಾತ್ರ ಒಂದೂವರೆ ಇಂಚಿನದಿರಲಿ. ಆ ಕೇಬಲ್‌ನ ತಲೆ ದಪ್ಪ, ಸಣ್ಣ ಪೈಪಿನ ಬೆಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕರೆಂಟ್ ವೈರ್ ಇರುವ ಪೈಪಿನಲ್ಲೇ ಸ್ಪೀಕರ್ ವೈರನ್ನೂ ಎಳೆಯುತ್ತೇನೆ ಅಂತ ಎಲೆಕ್ಟ್ರಿಷಿಯನ್ ಹೇಳಬಹುದು. ದಯವಿಟ್ಟು ಬೇಡ ಅನ್ನಿ. ವೈರ್ 14 ಅಥವಾ 16 ಗೇಜ್, ಪೂರ್ತಿ ತಾಮ್ರದ್ದು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ವೈರ್ ಅಗ್ಗಕ್ಕೆ ಸಿಗುತ್ತದೆ, ನೋಡೋಕೆ ಒಂದೇ ಥರ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಟ್ಟುಬಿಡಿ.

ಪೈಪಿನ ಬಾಯಿ ಎಲ್ಲಿ ಬರಬೇಕು? ನೀವು ಕೂರುವ ಜಾಗದಲ್ಲಿ ಟಿವಿ ಕಡೆ ಮುಖ ಮಾಡಿ ಕೂತುಕೊಳ್ಳಿ. ಟಿವಿಯ ನೇರವನ್ನು ಸೊನ್ನೆ ಅಂದುಕೊಂಡರೆ ಹಿಂದಿನ ಸ್ಪೀಕರ್‌ಗಳು ಎರಡೂ ಬದಿ ಸುಮಾರು 110 ಡಿಗ್ರಿಗೆ ಬರಬೇಕು. ಅಂದರೆ ಕಿವಿಯ ನೇರಕ್ಕಿಂತ ತುಸು ಹಿಂದೆ, ಕಿವಿಗಿಂತ ಸ್ವಲ್ಪ ಎತ್ತರ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಳ್ಳದೆ ಎರಡು ಅಡಿಯಾದರೂ ಮುಂದಿದ್ದರೆ ಒಳ್ಳೆಯದು. 18 ಅಡಿ ಉದ್ದದ ಹಾಲ್‌ನಲ್ಲಿ ಅದಕ್ಕೆ ಜಾಗ ಇದೆ. ಮುಂದಿನ ಎಡ-ಬಲ ಸ್ಪೀಕರ್‌ಗಳು ತಲಾ 30 ಡಿಗ್ರಿಗೆ. ಅವೆರಡರ ನಡುವಿನ ದೂರವೂ ನಿಮಗೂ ಅವಕ್ಕೂ ಇರುವ ದೂರವೂ ಹೆಚ್ಚೂಕಡಿಮೆ ಒಂದೇ ಆಗಿದ್ದರೆ ಲೆಕ್ಕ ಸರಿಯಾಯಿತು.

ಇನ್ನು ಯಾವ ಅಂಗಡಿಯವರೂ ಹೇಳದ ವಿಷಯ, ಕೋಣೆ. ನಮ್ಮ ಕಡೆ ಮನೆಗಳಲ್ಲಿ ನೆಲಕ್ಕೆ ಗ್ರಾನೈಟ್ ಇಲ್ಲಾ ಟೈಲ್ಸ್, ಗೋಡೆ ಬೋಳು, ಮೇಲೆ ಆರ್‌ಸಿಸಿ. ಖಾಲಿ ಹಾಲ್‌ನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟರ್ ಅಂತ ಒಂದು ಬಾಲ ಕೇಳಿಸುತ್ತದೆ. ಸಿನಿಮಾದ ಮಾತುಗಳಿಗೂ ಅದೇ ಬಾಲ ಅಂಟಿಕೊಳ್ಳುತ್ತದೆ. ‘ಸ’, ‘ಶ’, ‘ತ’ ಎಲ್ಲ ಕಲಸಿಹೋಗುತ್ತವೆ. ಎಷ್ಟು ದುಬಾರಿ ಸಿಸ್ಟಮ್ ತಂದರೂ ಇದು ಹೋಗೋದಿಲ್ಲ. ಬಳ್ಳಾರಿಯ ನಮ್ಮ ಮನೆಯಲ್ಲಿ ಸೋಫಾ ಮುಂದೆ ದಪ್ಪ ಜಮಖಾನ ಹಾಸಿದ್ದೇವೆ. ಕಿಟಕಿಗೆ ನೆಲದವರೆಗೆ ಪರದೆ. ಹಿಂದಿನ ಗೋಡೆಗೆ ಅವ್ವ ಹೊಲಿದ ಕೌದಿ. ಅದನ್ನು ಗೋಡೆಗೆ ಅಂಟಿಸಿಲ್ಲ, ಮರದ ಪಟ್ಟಿ ಬಡಿದು ಎರಡು ಇಂಚು ಬಿಟ್ಟು ತೂಗು ಹಾಕಿದ್ದೇವೆ. ಹಿಂದೆ ಗಾಳಿಗೆ ಜಾಗ ಇದ್ದರೆ ಬಟ್ಟೆ ಜಾಸ್ತಿ ಸದ್ದು ಹೀರುತ್ತದೆ. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಈ ಕೆಲಸಕ್ಕೆ ನಿಜಕ್ಕೂ ಚೆನ್ನಾಗಿದೆ, ನೋಡೋಕೂ ಚಂದ.

ದುಡ್ಡು ಎಲ್ಲಿ ಹಾಕಬೇಕು ಅಂದರೆ, ಮಧ್ಯದ ಸ್ಪೀಕರ್‌ಗೆ. ಸಿನಿಮಾದ ಮಾತಿನಲ್ಲಿ ಹೆಚ್ಚಿನ ಪಾಲು ಅದರಿಂದಲೇ ಬರುತ್ತದೆ. ‘ಮಾತು ಕೇಳಿಸಲ್ಲ, ಹಾಡು ಬಂದರೆ ಕಿವಿ ಕಿತ್ತುಹೋಗುತ್ತೆ’ ಅಂತ ಮನೆಯ ಹಿರಿಯರು ಬೇಸರ ಮಾಡಿಕೊಳ್ಳೋದು ಇದು ಸರಿ ಇಲ್ಲದಾಗ. ಸಿಸ್ಟಮ್ ಮನೆಮಂದಿಗೆಲ್ಲ ಅಲ್ವಾ? ಎಪ್ಪತ್ತು ದಾಟಿದವರಿಗೂ ಸಣ್ಣ ದನಿಯಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿಸಿದರೆ ಅದು ಒಳ್ಳೆಯ ಸಿಸ್ಟಮ್. ಅಂಗಡಿಯಲ್ಲಿ ಬಾಂಬ್ ಸಿಡಿಯುವ ಡೆಮೋ ನೋಡಬೇಡಿ. ವಾಲ್ಯೂಮ್ ಕಡಿಮೆ ಇಟ್ಟು ಇಬ್ಬರು ಕೂತು ಮಾತಾಡುವ ದೃಶ್ಯ ಹಾಕಿಸಿ ಕೇಳಿ. ಒಂದೇ ಸಲಕ್ಕೆ ಎಲ್ಲ ಕೊಳ್ಳಲು ಆಗದಿದ್ದರೆ ಮೊದಲು ರಿಸೀವರ್ ಮತ್ತು ಮುಂದಿನ ಮೂರು ಸ್ಪೀಕರ್, ಆಮೇಲೆ ಸಬ್ ವೂಫರ್, ಕೊನೆಗೆ ಹಿಂದಿನ ಎರಡು. ಪೈಪ್ ಇದ್ದೇ ಇರುತ್ತದಲ್ಲ.

1000 ವಾಟ್ ನೋಡಿ ಮರುಳಾಗಬೇಡಿ. ವಾಟ್ ಎರಡರಷ್ಟಾದರೆ ಸದ್ದು ಏರೋದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಪೆಟ್ಟಿಗೆ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವಾಟ್) ಅಂತ ಇದ್ದರೆ ಆ ಅಂಕಿ ಲೆಕ್ಕಕ್ಕೇ ಬೇಡ, ಆರ್‌ಎಂಎಸ್ (ಸತತವಾಗಿ ಕೊಡುವ ವಾಟ್) ಎಷ್ಟು ಅಂತ ಕೇಳಿ.

ಬಾರ್‌ನ ಅಟ್ಮಾಸ್ ಸದ್ದನ್ನು ಮೇಲಕ್ಕೆ ಎಸೆದು ಛಾವಣಿಯಿಂದ ಪುಟಿಸುತ್ತದೆ. ಛಾವಣಿ ಸಪಾಟಾಗಿ, ಹೆಚ್ಚು ಎತ್ತರ ಇಲ್ಲದೆ ಇದ್ದರೆ ಮಾತ್ರ ಅದು ನಡೆಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಪಿಒಪಿ ಮಾಡಿಸಿದರೆ ಕೆಟ್ಟಿತು. ತೊಲೆ-ಜಂತಿಯ ಹಳೇ ಮನೆಗಳಲ್ಲಂತೂ ಆಗದ ಮಾತು. ಬದಿಯಿಂದ ಸದ್ದು ಪುಟಿಸುವ ಬಾರ್‌ಗೆ ಎರಡೂ ಕಡೆ ಗೋಡೆ ಬೇಕು. ನಿಮ್ಮ ಹಾಲ್ ಒಂದು ಕಡೆ ಊಟದ ಜಾಗಕ್ಕೆ ತೆರೆದುಕೊಂಡಿದ್ದರೆ ಆ ಕಡೆಯ ಸದ್ದು ವಾಪಸ್ ಬರೋದೇ ಇಲ್ಲ.

ಸಬ್ ವೂಫರ್ ಎಲ್ಲಿಡಬೇಕು ಅನ್ನೋದಕ್ಕೆ ಒಂದು ಸುಲಭ ಉಪಾಯ ಇದೆ. ಅದನ್ನೇ ಸೋಫಾ ಮೇಲೆ ಇಟ್ಟು, ಬೇಸ್ ಇರುವ ಹಾಡು ಹಚ್ಚಿ, ಗೋಡೆ ಪಕ್ಕ ಬಗ್ಗಿ ಓಡಾಡಿ. ಎಲ್ಲಿ ಬೇಸ್ ಗುಂಯ್‌ಗುಡದೆ ಸ್ವಚ್ಛವಾಗಿ ಕೇಳಿಸುತ್ತದೋ ಅಲ್ಲೇ ಸಬ್ ಇಡಿ. ರಿಸೀವರ್‌ನಲ್ಲಿ ಕ್ರಾಸ್‌ಓವರ್ (ಯಾವ ಮಟ್ಟಕ್ಕಿಂತ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್‌ನಿಂದ ಶುರು ಮಾಡಿ.

ಟಿವಿಯ ಸದ್ದನ್ನು ರಿಸೀವರ್‌ಗೆ ಕಳಿಸುವ, ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಕಿಂಡಿಗೇ ಕೇಬಲ್ ಹಾಕಿ. ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಆಡಿಯೋ ‘ಪಿಸಿಎಂ’ ಇದ್ದರೆ ಬರೋದು ಎರಡೇ ಚಾನೆಲ್, ಅದನ್ನು ‘ಬಿಟ್‌ಸ್ಟ್ರೀಮ್’ ಇಲ್ಲಾ ‘ಪಾಸ್ ಥ್ರೂ’ ಮಾಡಿ. ಎಷ್ಟೋ ಮನೆಗಳಲ್ಲಿ ಹಿಂದಿನ ಸ್ಪೀಕರ್ ಸುಮ್ನೆ ಕೂತಿರೋದು ಇದರಿಂದಲೇ.

ರಿಸೀವರ್ ಬಿಸಿಯಾಗುವ ವಸ್ತು, ನಮ್ಮ ಬೇಸಿಗೆಯಂತೂ ಗೊತ್ತೇ ಇದೆ. ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಇಡಬೇಡಿ. ಮೇಲೆ ಅರ್ಧ ಅಡಿ ಖಾಲಿ ಬಿಡಿ, ಧೂಳು ಆಗಾಗ ಒರೆಸಿ. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಜರ್ ಇರಲಿ, ಅರ್ಥಿಂಗ್ ಸರಿಯಾಗಿ ಮಾಡಿಸಿ. ಇನ್ವರ್ಟರ್ ಸೈನ್ ವೇವ್‌ದೇ ಬೇಕು, ಸ್ಕ್ವೇರ್ ವೇವ್ ಆದರೆ ಸ್ಪೀಕರ್ ಗುಂಯ್ ಅನ್ನಬಹುದು.

ರಿಸೀವರ್ ಜೊತೆ ಪುಟ್ಟ ಮೈಕ್ ಬಂದರೆ ಅದನ್ನು ನೀವು ಕೂರುವಾಗ ಕಿವಿ ಎಲ್ಲಿರುತ್ತದೋ ಆ ಎತ್ತರಕ್ಕೆ ಇಟ್ಟು ಕ್ಯಾಲಿಬ್ರೇಷನ್ (ಸ್ಪೀಕರ್‌ಗಳನ್ನು ಕೋಣೆಗೆ ಹೊಂದಿಸೋದು) ಮಾಡಿ. ಆಗ ಫ್ಯಾನ್, ಕೂಲರ್ ಎರಡೂ ಬಂದ್ ಇರಲಿ, ಇಲ್ಲದಿದ್ದರೆ ಆ ಸದ್ದೂ ಲೆಕ್ಕಕ್ಕೆ ಸೇರುತ್ತದೆ. ಮುಗಿದ ಮೇಲೆ ಕೂಲರ್ ಹಾಕಿ ಒಂದು ಸಿನಿಮಾ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ನೀವು ನೋಡೋದು ಹಾಗೇ ತಾನೇ? ಮಾತು ಮುಚ್ಚಿಹೋದಂತೆ ಅನ್ನಿಸಿದರೆ ಮಧ್ಯದ ಸ್ಪೀಕರನ್ನು ಮಾತ್ರ 2-3 ಡೆಸಿಬಲ್ ಏರಿಸಿ.