ಸೋನು ಹಾಡಿದ ‘ನೀನೆ’, ಬೆಣ್ಣೆ ಹತ್ತಿದ ಸಿ.ಡಿ.

ಪ್ರಶ್ನೆ: ಮದುವೆಯಾದ ಹೊಸದರಲ್ಲಿ ಸೋನು ನಿಗಮ್ ಅವರ ‘ನೀನೆ ಬರಿ ನೀನೆ’ ಸಿ.ಡಿ. ತಂದಿದ್ದೆ. ಈಗ ಅದು ಹೇಳಿದ ಸಾಲನ್ನೇ ಹೇಳುತ್ತದೆ. ಅದು ಹಾಳಾದರೇ ಒಳ್ಳೇದು, ಕನ್ನಡ ಮನೆಮಾತಲ್ಲದವರು ಹಾಡಿದರೆ ಭಾವ ಎಲ್ಲಿಂದ ಬರಬೇಕು ಅಂತಾನೆ ನನ್ನ ಭಾವಮೈದ. ಮಂಡಕ್ಕಿ-ಮಿರ್ಚಿ ಮುಂದೆ ಕೂತರೆ ದಿನಾ ಇದೇ ಜಗಳ. ನೀವೇನಂತೀರಿ?
– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ಜಗಳ ಆಡಿ, ಮಂಡಕ್ಕಿ ಮೆತ್ತಗಾಗೋಕೆ ಮಾತ್ರ ಬಿಡಬೇಡಿ.

ಭಾವಮೈದನ ಮಾತು ಪೂರ್ತಿ ಸುಳ್ಳೇನಲ್ಲ. ಸೋನು ಹುಟ್ಟಿದ್ದು ಹರಿಯಾಣದ ಫರೀದಾಬಾದ್‌ನಲ್ಲಿ. ಹಿಂದಿ ಅಕ್ಷರಮಾಲೆಯಲ್ಲಿ ನಮ್ಮ ಹಾಗೆ ಎ, ಏ ಅಂತ ಎರಡಿಲ್ಲ, ‘ಳ’ ಕೂಡ ಇಲ್ಲ. ಈಗ ಆಲ್ಬಮ್ಮಿನ ಹೆಸರನ್ನೇ ನೋಡಿ. ಕೊನೆಯ ‘ನೆ’ ಒಂಚೂರು ಜಾಸ್ತಿ ಎಳೆದರೆ ಪ್ರೀತಿ ಹೋಗಿ ‘ನೀನೇ ತಾನೆ ಹಾಲು ಉಕ್ಕಿಸಿದ್ದು’ ಅನ್ನೋ ಧಾಟಿ ಬಂದುಬಿಡುತ್ತದೆ, ಅಲ್ವಾ? ಅಲ್ಲಿ ಅವರು ಹೇಗೆ ದನಿ ಇಳಿಸುತ್ತಾರೆ ಅಂತ ಒಮ್ಮೆ ಗಮನಿಸಿ ಕೇಳೋಕೆ ಹೇಳಿ ಅವನಿಗೆ.

ಸಾಹಿತ್ಯ ಜಯಂತ ಕಾಯ್ಕಿಣಿ, ಸಂಗೀತ ಮನೋಮೂರ್ತಿ. 2006ರ ‘ಮುಂಗಾರು ಮಳೆ’ಯಲ್ಲಿ ‘ಅನಿಸುತಿದೆ ಯಾಕೋ ಇಂದು’ ಕೊಟ್ಟ ಇದೇ ಮೂವರು 2009ರಲ್ಲಿ ಸಿನಿಮಾ ಬಿಟ್ಟು ಈ ಆಲ್ಬಮ್ ಮಾಡಿದರು. ಸಿನಿಮಾ ಬೇಡದ ಹಾಡು ನಮಗೇನೂ ಹೊಸದಲ್ಲ, ನಿಸಾರ್ ಅಹಮದ್ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲೇ ಬಂದಿತ್ತು. ಆದರೆ ಪ್ರೇಮದ ಹಾಡಿಗೆ ಇದರಿಂದ ಒಂದು ಲಾಭ ಇದೆ. ‘ಅನಿಸುತಿದೆ’ ಕೇಳಿದ ಕೂಡಲೇ ಗಣೇಶ್ ಮುಖ ಬಂದು ನಿಲ್ಲುತ್ತದೆ, ಇಲ್ಲಿ ಕಥೆಯೂ ಇಲ್ಲ, ಹೀರೊನೂ ಇಲ್ಲ, ಹಾಗಾಗಿ ಆ ಖಾಲಿ ಜಾಗದಲ್ಲಿ ನಮ್ಮವರೇ ಬಂದು ಕೂರುತ್ತಾರೆ. ನಿಮಗೆ ನಿಮ್ಮ ಮನೆಯವರು ನೆನಪಾಗ್ತಾರೆ. ಭಾವಮೈದನಿಗೆ ಸದ್ಯಕ್ಕೆ ಯಾರೂ ನೆನಪಾಗಲ್ಲ ಅಂತ ಕಾಣುತ್ತೆ, ಅದಕ್ಕೇ ಸುಮ್ನೆ ವ್ಯಾಕರಣ ಹಿಡಿದು ಕೂತಿದ್ದಾನೆ.

ಇನ್ನು ಸಿ.ಡಿ. ಮೆತ್ತನೆಯ ಹತ್ತಿ ಬಟ್ಟೆ ಒದ್ದೆ ಮಾಡಿ ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಒರೆಸಿ. ತಟ್ಟೆ ಒರೆಸಿದ ಹಾಗೆ ಸುತ್ತ ತಿರುಗಿಸಬೇಡಿ, ಹಾಡು ಇರೋದೂ ಸುತ್ತುಸುತ್ತಾಗಿಯೇ, ಆ ದಾರಿಯಲ್ಲೇ ಗೀರು ಬಿದ್ದರೆ ಉದ್ದಕ್ಕೂ ಹಾಳು. ಹೊಳೆಯುವ ಬದಿಯ ಸಣ್ಣ ಗೀರಿಗೆ ಹೆದರಬೇಕಿಲ್ಲ. ಹೆಸರು ಅಚ್ಚಾದ ಬದಿಯಲ್ಲಿ ಆಳವಾಗಿ ಗೀಚಿದ್ದರೆ ಮಾತ್ರ ಕಷ್ಟ, ಹಾಡಿನ ಪದರ ಆ ಮಗ್ಗುಲಿಗೇ ಹತ್ತಿರ. ಒರೆಸೋ ಮುಂಚೆ ಬೆಣ್ಣೆದೋಸೆ ತಿಂದ ಕೈ ತೊಳೆದುಕೊಳ್ಳಿ, ದಾವಣಗೆರೆಯವರಿಗೆ ಇದನ್ನ ಹೇಳಲೇಬೇಕು.