ಬೋಗುಣಿ ಮಗುಚಿ ನೋಡಿದಿರಾ, ಅಕ್ಕ?

ಸುರತ್ಕಲ್ಲಿನ ಓದುಗರೊಬ್ಬರ ಪತ್ರ:

"ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮೂರು ವಾರ ಮಗಳ ಮನೆಗೆ ಹೋಗಿದ್ದೆ. ಅವಳಿರುವುದು ಫ್ರಾನ್ಸಿನ ದಕ್ಷಿಣಕ್ಕೆ, ಸೋಫಿಯಾ ಆಂತಿಪೊಲಿಸ್ ಎಂಬಲ್ಲಿ. ಮೆಡಿಟರೇನಿಯನ್ ಕರಾವಳಿಯ ಊರುಗಳನ್ನೆಲ್ಲ ಸುತ್ತಿದೆವು. ಆಂತೀಬ್‌ನ ಕೋಟೆಯೊಳಗಿನ ಪಿಕಾಸೊ ಮ್ಯೂಸಿಯಂ ನೋಡಿ ಮಾತೇ ಹೊರಡಲಿಲ್ಲ. ಮರುದಿನ ಪಿಕಾಸೊ ನೆಲೆಸಿದ್ದ ವಲೋರಿಸ್‌ಗೆ ಹೋದೆವು. ಬಸ್ಸಿಳಿದರೆ ಬೀದಿಯಲ್ಲಿ ಮಳೆ ಬಿದ್ದ ಗದ್ದೆಯ ವಾಸನೆ. ಅವನು ಚಿತ್ರ ಬರೆದ ಚಾಪೆಲ್ ಚೆನ್ನಾಗಿದೆ. ಉಳಿದದ್ದು ಮಡಕೆ ಕುಡಿಕೆಯ ಅಂಗಡಿಸಾಲು. ಒಂದು ತಟ್ಟೆಗೆ 38 ಯೂರೊ! ನಮ್ಮ ಸಂತೆಯಲ್ಲಿ ಸಿಗದ್ದೇನೂ ಅಲ್ಲಿ ಕಾಣಲಿಲ್ಲ. ಮಗಳು ಹಟ ಮಾಡಿ ಒಂದು ಬೋಗುಣಿ ಕೊಂಡಳು, ಈಗ ನಮ್ಮನೆಯಲ್ಲಿ ಅದರಲ್ಲಿ ಉಪ್ಪಿನಕಾಯಿ. ನಲವತ್ತು ನಿಮಿಷಕ್ಕೆ ವಾಪಸು ಬಸ್ಸು ಹತ್ತಿದೆವು. ಒಬ್ಬ ಮಹಾನ್ ಕಲಾವಿದ ಕಾಲಿಟ್ಟದ್ದಕ್ಕೆ ಒಂದು ಕುಗ್ರಾಮ ಲೋಕಪ್ರಸಿದ್ಧವಾಯಿತು. ಅಂಥವರು ನಮ್ಮ ಕಡಲೂರುಗಳಿಗೆ ಯಾಕೆ ಬರುವುದಿಲ್ಲ? ಈ ಬಗ್ಗೆ ನಿಮ್ಮ ಪತ್ರಿಕೆ ಬರೆಯಬೇಕು."

ಸಂಪಾದಕರ ಉತ್ತರ:

ಅಕ್ಕ ಅಂದರೆ ಬೇಸರವಿಲ್ಲ ತಾನೇ? ಪತ್ರದ ಕೊನೆಗೆ ನೀವೇ ವಯಸ್ಸು ಕಾಣಿಸಿದ್ದೀರಿ, ನನಗಿಂತ ಎರಡು ವರ್ಷ ಹಿರಿಯರು. ನಾಲ್ಕು ಪುಟ ಕೈಬರಹದಲ್ಲಿ ಒಂದು ಚಿತ್ತೂ ಇಲ್ಲ. ನಮ್ಮ ಕಚೇರಿಯ ಹುಡುಗರಿಗೆ ತೋರಿಸಿ ಸ್ವಲ್ಪ ನಾಚಿಸಿದ್ದೂ ಆಯಿತು. ಬಸ್ಸಿಳಿದ ತಕ್ಷಣ ಮಳೆ ಬಿದ್ದ ಗದ್ದೆಯ ವಾಸನೆ ಹಿಡಿದ ಮೂಗು ನಿಮ್ಮದು. ವಲೋರಿಸ್‌ಗೆ ಹೋಗಿ ಬಂದು ಲೇಖನ ಕಳಿಸಿದವರು ಇನ್ನೂ ಕೆಲವರಿದ್ದಾರೆ, ಅವರ್‍ಯಾರಿಗೂ ಅದು ಸಿಕ್ಕಿರಲಿಲ್ಲ. ಅಂಥ ಮೂಗಿಟ್ಟುಕೊಂಡು ನೀವು ನಲವತ್ತೇ ನಿಮಿಷಕ್ಕೆ ಬಸ್ಸು ಹತ್ತಿದಿರಲ್ಲ, ಅದಕ್ಕೇ ಈ ಉತ್ತರ ಉದ್ದವಾಗಲಿದೆ.

ಮೊದಲು ನಿಮ್ಮ ಪಾಲಿನ ನ್ಯಾಯ ನಿಮಗೆ ಕೊಟ್ಟುಬಿಡುತ್ತೇನೆ. 1946ರ ಬೇಸಿಗೆಯಲ್ಲಿ ಪಿಕಾಸೊ ವಲೋರಿಸ್‌ನ ಕುಂಬಾರರ ವಾರ್ಷಿಕ ಪ್ರದರ್ಶನ ನೋಡಲು ಬಂದ, ಮಾದೂರಾ ಎಂಬ ಕುಂಬಾರಶಾಲೆಯಲ್ಲಿ ಕೂತು ಆಟಕ್ಕೆಂಬಂತೆ ಎರಡು ಮೂರು ಸಣ್ಣ ಗೊಂಬೆ ಮಾಡಿಟ್ಟು ಹೋದ. ಮರುವರ್ಷ ಬಂದು ನೋಡಿದರೆ ಅವು ಸುಟ್ಟು ಗಟ್ಟಿಯಾಗಿ ಕಾಯುತ್ತಿದ್ದವು. ಆಮೇಲೆ ಆತ ಆ ಊರಲ್ಲೇ ಮನೆ ಮಾಡಿದ. 1948ರಿಂದ 1955ರವರೆಗೆ ಇದ್ದ. ಅಲ್ಯೂಮಿನಿಯಂ ಪಾತ್ರೆ ಬಂದು ಒಲೆ ಆರುತ್ತಿದ್ದ ಊರಿಗೆ ಜನ ಬಂದರು, ಪತ್ರಿಕೆಯವರು ಬಂದರು, ದೇಶದ ಎಲ್ಲೆಲ್ಲಿಂದಲೋ ಎಳೆಯ ಕುಂಬಾರರು ಬಂದರು. ಇದನ್ನು ಅಲ್ಲಗಳೆದರೆ ಮೂರ್ಖನಾಗುತ್ತೇನೆ. ಇಷ್ಟು ಸಾಕು ತಾನೇ?

ಈಗ ಆ "ಕುಗ್ರಾಮ" ಎಂಬ ಮಾತಿಗೆ ಬರೋಣ. ಅದು ನನ್ನನ್ನು ಕಚ್ಚಿತು. 1506ರಲ್ಲಿ, ಅಂದರೆ ಪಿಕಾಸೊ ಹುಟ್ಟುವುದಕ್ಕೆ 375 ವರ್ಷ ಮೊದಲು, ಪ್ಲೇಗು ಯುದ್ಧಗಳಲ್ಲಿ ಪಾಳು ಬಿದ್ದಿದ್ದ ಆ ಜಾಗಕ್ಕೆ ಲೆರಾನ್ಸ್ ಎಂಬ ಕ್ರೈಸ್ತ ಮಠದವರು ಇಟಲಿಯ ಜೆನೋವಾ ಕಡೆಯಿಂದ ಸುಮಾರು 70 ಕುಟುಂಬಗಳನ್ನು ಕರೆಸಿ ಕೂರಿಸಿದರು. ಹಳೆಯ ಊರಿನ ಬೀದಿಗಳು ಚೌಕಾಬಾರದ ಮನೆಯಂತೆ ನೇರ ನೇರ ಇರುವುದು ಅದಕ್ಕೇ. ಅಲ್ಲಿನ ಮಣ್ಣಿಗೆ ಒಂದು ಗುಣವಿದೆ, ಬೆಂಕಿಗೆ ಹೆದರುವುದಿಲ್ಲ. ಒಲೆಯ ಮೇಲಿಟ್ಟರೆ ಸೀಳುವುದಿಲ್ಲ. ಹೀಗಾಗಿ ಆ ಊರು ಹೂದಾನಿ ಮಾಡಿ ಬದುಕಿದ್ದಲ್ಲ, ಅಡುಗೆ ಪಾತ್ರೆ ಮಾಡಿ ಬದುಕಿದ್ದು. ಎರಡು ಕಿವಿಯ, ಹೊಟ್ಟೆ ಉಬ್ಬಿದ ಪಾತ್ರೆಗೆ ಅಲ್ಲಿ ಪಿನ್ಯಾತ್ ಅನ್ನುತ್ತಾರೆ. ಒಳಗೆ ಜೇನಿನ ಬಣ್ಣದ ಮೆರುಗು, ಹೊರಗೆ ಬರೀ ಮಣ್ಣು. ಗೋಲ್ಫ್ ಜುವಾನ್ ಬಂದರಿನಿಂದ ಹಡಗು ಹಡಗು ಪಾತ್ರೆ ಹೋಗುತ್ತಿದ್ದವು. 19ನೇ ಶತಮಾನದ ಕೊನೆಗೆ ಅದೇ ಊರಿನ ಮಾಸಿಯೆ ಎಂಬ ಕುಂಬಾರರ ಮನೆತನ ಚಿನ್ನದ ಹೊಳಪಿನ ಮೆರುಗಿನ ಪಾತ್ರೆ ಮಾಡಿ ದೊಡ್ಡ ಹೆಸರು ಗಳಿಸಿತು. ಪ್ಯಾರಿಸ್ಸಿನ 1889ರ ವಿಶ್ವ ಪ್ರದರ್ಶನದಲ್ಲಿ ಕ್ಲೆಮಾಂ ಮಾಸಿಯೆಗೆ ಚಿನ್ನದ ಪದಕ ಬಂತು. ಇಂಥ ಊರು ನಿಮಗೆ ಕುಗ್ರಾಮವಾಗಿ ಕಂಡದ್ದು ಹೇಗೆ? ಗೈಡು ಪುಸ್ತಕ 1946ರಿಂದ ಶುರುವಾಗುತ್ತದೆ, ಅಷ್ಟೇ.

ಮಾದೂರಾ ಅಂದೆನಲ್ಲ, ಆ ಹೆಸರಿನಲ್ಲೇ ಒಬ್ಬ ಹೆಂಗಸು ಅಡಗಿದ್ದಾಳೆ, ಸುಝಾನ್. ಮೇಜೋಂ (Maison) ಅಂದರೆ ಮನೆ, ಅದರ "ಮಾ". ಅವಳ ತವರಿನ ಹೆಸರು ದೂಲಿ, ಅದರ "ದೂ". ಗಂಡನ ಮನೆಯದು ರಾಮಿಯೆ, ಅದರ "ರಾ". 1938ರಲ್ಲಿ ಗಂಡ ಹೆಂಡತಿ ಆ ಶಾಲೆ ಹೂಡಿದರು. ಹಳೆಯ ಅಡುಗೆ ಪಾತ್ರೆಗಳ ಆಕಾರವನ್ನೇ ಹಿಡಿದು ಹೊಸದು ಕಟ್ಟುತ್ತಿದ್ದವಳು ಸುಝಾನ್. ಪಿಕಾಸೊ ಬಣ್ಣ ಬಳಿದ ಎಷ್ಟೋ ಹೂಜಿ, ತಟ್ಟೆಗಳ ಮೈಕಟ್ಟು ಅವಳದು. ಇನ್ನು ಆ ಮೈಯನ್ನು ತಿಗರಿಯ ಮೇಲೆ ಎತ್ತಿದವನು ಜೂಲ್ ಆಗಾರ್. ಈ ಹೆಸರನ್ನು ಆಂತೀಬ್‌ನಲ್ಲಾಗಲಿ ವಲೋರಿಸ್‌ನಲ್ಲಾಗಲಿ ನಿಮಗೆ ಯಾರಾದರೂ ಹೇಳಿದರೇ? ಆಗಾರ್ ಬಾಟಲಿಯಂಥದ್ದೊಂದನ್ನು ತಿರುಗಿಸಿ ಇಳಿಸುತ್ತಿದ್ದ. ಮಣ್ಣು ಇನ್ನೂ ಹಸಿ ಇರುವಾಗ ಪಿಕಾಸೊ ಅದರ ಕತ್ತು ಹಿಸುಕಿ, ಹೊಟ್ಟೆ ಬಾಗಿಸಿ ಮಂಡಿಯೂರಿದ ಹೆಂಗಸು ಮಾಡುತ್ತಿದ್ದ, ಪಾರಿವಾಳ ಮಾಡುತ್ತಿದ್ದ. ಬೆರಗೇ ಸರಿ. ಆದರೆ ಗೋಡೆ ಎಲ್ಲೆಡೆ ಒಂದೇ ದಪ್ಪಕ್ಕೆ ಎದ್ದಿರದಿದ್ದರೆ ಆ ಹೆಂಗಸು ಮೊದಲ ಹಿಸುಕಿಗೇ ಕುಸಿದು ಮುದ್ದೆಯಾಗುತ್ತಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ನಾವು ಒಡೆಯುವವನನ್ನು ಕುರಿತು ಹೇಳುತ್ತೇವೆ. ಪಿಕಾಸೊ ಒಡೆಯಲಿಲ್ಲ, ನಿಜ. ನಿಮಿಷದ ಲೆಕ್ಕ ಮಾತ್ರ ಅದೇ.

ಇನ್ನೊಂದು ಸಂಗತಿ. ಒಡೆದುಹೋದ ಪಿನ್ಯಾತ್‌ಗಳ ಬೋಕಿಯನ್ನೂ ಪಿಕಾಸೊ ಆರಿಸಿ ತಂದು ಅದರ ಮೇಲೆ ಮುಖ ಬರೆಯುತ್ತಿದ್ದ. ಯಾರದೋ ಒಲೆಯ ಪಾಲಿನ ಪಾತ್ರೆ, ಯಾರದೋ ಕೈಯಿಂದ ಇಳಿದದ್ದು, ಮೂರು ಗೆರೆ ಬಿದ್ದೊಡನೆ ಮ್ಯೂಸಿಯಂಗೆ ಹೋಯಿತು. ಗೆರೆಗೆ ಹೆಸರಿದೆ, ಬೋಕಿಗೆ ಇಲ್ಲ. ಮಾದೂರಾ 1947ರಿಂದ 1971ರವರೆಗೆ ಅವನ 633 ಮಾದರಿಗಳನ್ನು ಪ್ರತಿಗಳಾಗಿ ತೆಗೆಯಿತು. ಒಂದೊಂದು ಮಾದರಿಗೆ 25ರಿಂದ 500 ಪ್ರತಿ. ಪ್ರತಿಯೆಂದರೆ ಯಂತ್ರದಿಂದ ಉದುರಿದ್ದೆಂದು ತಿಳಿಯಬೇಡಿ, ಕೂತು ಮಾಡಿದವರು ಅಲ್ಲಿನ ಕೆಲಸಗಾರರು. ಸಾಧಾರಣ ಜನ ಕೊಳ್ಳುವಂತಿರಲಿ ಎಂದು ಮೊದಲಿಗೆ ಬೆಲೆ ಕಡಿಮೆ ಇಟ್ಟಿದ್ದರು. 2012ರ ಜೂನ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಮಾದೂರಾದವರ ಸಂಗ್ರಹ 80 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಅಂದಹಾಗೆ ಆ ಪ್ರತಿಗಳ ತಳದಲ್ಲಿ ಮಾದೂರಾದ ಮುದ್ರೆ, ಪಿಕಾಸೊನ ಹೆಸರು ಇರುತ್ತವೆ. ಆಗಾರ್‌ನ ಹೆಸರಿಗೆ ಅಲ್ಲಿ ಜಾಗವಿಲ್ಲ.

ನೀವು 38 ಯೂರೊ ಕಂಡು ಹಿಂದೆ ಸರಿದಿರಿ. ಅದೇ ತಟ್ಟೆಯ ಮೇಲೆ ಪಿಕಾಸೊನ ರುಜು ಇದ್ದಿದ್ದರೆ 38 ಸಾವಿರಕ್ಕೂ "ಮಾತೇ ಹೊರಡಲಿಲ್ಲ" ಎಂದು ಬರೆಯುತ್ತಿದ್ದಿರಿ. ಗದರಿಸುತ್ತಿಲ್ಲ, ಅಕ್ಕ. ಸ್ವಲ್ಪ ಗದರಿಸುತ್ತಿದ್ದೇನೆ.

ನಾನು ಆ ಊರಿಗೆ ಹೋದದ್ದು ಹನ್ನೆರಡು ವರ್ಷದ ಹಿಂದೆ. ನನಗೂ ಫ್ರೆಂಚ್ ಬಾರದು. ಕ್ಲೆಮಾನ್ಸೊ ಹೆಸರಿನ ಆ ಅಂಗಡಿಬೀದಿಯಿಂದ ಒಂದು ಸಂದಿಗೆ ತಿರುಗಿದರೆ ಒಬ್ಬ ಮುದುಕ ಮೋಟು ಹಿಡಿಯ ಪಾತ್ರೆಗಳನ್ನು ಹಲಗೆಯ ಮೇಲೆ ಜೋಡಿಸುತ್ತಿದ್ದ. ಒಂದನ್ನು ತೋರಿಸಿ ಬೆಲೆ ಕೇಳಿದೆ. ಅವನು ಬೆಲೆ ಹೇಳಲಿಲ್ಲ. ಪಾತ್ರೆಯನ್ನು ಎಡಗೈಯಲ್ಲಿ ತೂಗಿ ಹಿಡಿದು ಬೆರಳ ಗಿಣ್ಣಿನಿಂದ ಟಣ್ ಎಂದು ಬಡಿದು ಕಿವಿಗೊಟ್ಟ. ಮುಖ ಹುಳ್ಳಗೆ ಮಾಡಿ ಅದನ್ನು ಪಕ್ಕಕ್ಕಿಟ್ಟ. ಇನ್ನೊಂದನ್ನು ಬಡಿದ, ಕೇಳಿದ, ನನ್ನ ಕೈಗೆ ಕೊಟ್ಟ. ನಮ್ಮಮ್ಮ ಸೋಮವಾರದ ಸಂತೆಯಲ್ಲಿ ಮಡಕೆ ಕೊಳ್ಳುತ್ತಿದ್ದದ್ದು ಹೀಗೇ. ಕುಂಬಾರ ಗುಂಡಯ್ಯ ಮಡಕೆ ಬಡಿದರೆ ಶಿವ ಕುಣಿಯುತ್ತಿದ್ದನೆಂಬ ಕತೆಯನ್ನು ಅವಳೇ ಹೇಳಿದ್ದು, ಮಡಕೆ ಬಡಿಯುತ್ತಲೇ. ಅಷ್ಟು ದೂರ ಹೋಗಿ ಅಮ್ಮನ ನೆನಪಾಗಿ ಕಣ್ಣಲ್ಲಿ ನೀರು ತುಂಬಿತು ಎಂದರೆ ಅತಿಯಾಯಿತು ಅನ್ನುತ್ತೀರಿ. ತುಂಬಿತು. ಚಾಪೆಲ್‌ನಲ್ಲಿ ಆಗಿರಲಿಲ್ಲ. (ಆ ಚಾಪೆಲ್‌ನಲ್ಲಿ ಒಂದು ಕಾಲಕ್ಕೆ ಆಲಿವ್ ಎಣ್ಣೆಯ ಗಾಣ ಇತ್ತಂತೆ. ನಾನು ಚಿತ್ರ ನೋಡುತ್ತ ಗಾಣ ಎಲ್ಲಿ ತಿರುಗುತ್ತಿದ್ದಿರಬಹುದು ಎಂದೇ ಯೋಚಿಸುತ್ತಿದ್ದೆ.) ಮರಳುವಾಗ ವಿಮಾನ ನಿಲ್ದಾಣದ ತಪಾಸಣೆಯವರು ಪಾತ್ರೆಯನ್ನು ಮೂರು ಸಲ ಮಗುಚಿ ನೋಡಿ ಟ್ರೇಗೆ ಎಸೆದರು, ಅಂಚಿನಲ್ಲೊಂದು ಚೂರು ಹಾರಿತು. ಈಗಲೂ ನಮ್ಮನೆಯಲ್ಲಿ ಹೆಸರುಬೇಳೆ ತೊವ್ವೆ ಆಗುವುದು ಅದರಲ್ಲೇ. ಒಲೆ ಆರಿಸಿದ ಮೇಲೂ ಕಾಲು ಗಂಟೆ ಕುದಿ ಬಿಡುವುದಿಲ್ಲ.

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ಮುಳ್ಳು ಹಾಕಿಕೊಳ್ಳಬೇಕಾಗಿದೆ. ಹೇಳದಿದ್ದರೆ ಇನ್ನೊಬ್ಬ ಓದುಗರು ಬರೆದೇ ಬರೆಯುತ್ತಾರೆ. ಇಟಲಿಯ ಅಮಾಲ್ಫಿ ಕರಾವಳಿಯ ವಿಯೆತ್ರಿಯೂ ಕುಂಬಾರರ ಊರು. ಅಲ್ಲಿ ಅಂಗಡಿ ಅಂಗಡಿಯಲ್ಲಿ ಒಂದು ಪುಟ್ಟ ಕತ್ತೆ ಕಾಣುತ್ತದೆ, ಊರಿನ ಗುರುತೇ ಅದು. ಆ ಕತ್ತೆಯನ್ನು ಮೊದಲು ಮಾಡಿದವನು 1920ರ ದಶಕದಲ್ಲಿ ಅಲ್ಲಿಗೆ ಬಂದ ಜರ್ಮನ್ ಕಲಾವಿದ ರಿಚರ್ಡ್ ಡೋಲ್ಕರ್. ಹಾಗಾದರೆ ಹೊರಗಿನವನು ತಂದದ್ದೂ ಊರಿನದಾಗುತ್ತದಲ್ಲ? ಆಗುತ್ತದೆ. ಆದರೆ ಅಲ್ಲಿ ಏನಾಯಿತು ನೋಡಿ: ಕತ್ತೆ ಉಳಿಯಿತು, ಡೋಲ್ಕರ್ ಮರೆತುಹೋದ. ನೂರು ವರ್ಷ ಊರಿನ ಕೈಗಳು ಅದನ್ನು ಮಾಡಿ ಮಾಡಿ ತಮ್ಮದಾಗಿಸಿಕೊಂಡವು. ವಲೋರಿಸ್‌ನಲ್ಲಿ ಅತಿಥಿ ಮನೆಯ ಯಜಮಾನನಾಗಿ, ಮನೆಯವರು ಅತಿಥಿಗಳಾದರು. ಈ ವ್ಯತ್ಯಾಸ ನನಗೆ ಮುಖ್ಯ. ಒಪ್ಪದಿದ್ದರೆ ಬರೆಯಿರಿ.

"ಮೆಡಿಟರೇನಿಯನ್ ಕರಾವಳಿಯ ಊರುಗಳನ್ನೆಲ್ಲ" ಎಂದಿದ್ದೀರಿ. ನಾಲ್ಕು ಪುಟದಲ್ಲಿರುವ ಊರುಗಳೆಲ್ಲ ಒಂದೇ ದಡದವು. ಆ ಕಡಲಿಗೆ ದಕ್ಷಿಣದ ದಡವೂ ಇದೆ. ಟೂರು ಕಂಪನಿಗಳ ಬಣ್ಣದ ಹಾಳೆಯಲ್ಲಿ ಅದು ಇರುವುದಿಲ್ಲ, ಅಥವಾ ಒಂಟೆ ಸವಾರಿಯಾಗಿ ಇರುತ್ತದೆ. ಟ್ಯುನೀಸಿಯಾದ ಉತ್ತರಕ್ಕೆ ಸೆಜ್ನಾನ್ ಎಂಬಲ್ಲಿ ಹೆಂಗಸರೇ ಕುಂಬಾರರು. ತಿಗರಿ ಇಲ್ಲ. ಮಣ್ಣನ್ನು ಕೋಡುಬಳೆಯಂತೆ ಹೊಸೆದು, ಸುರುಳಿಯ ಮೇಲೆ ಸುರುಳಿ ಕೂರಿಸಿ, ಬಯಲಲ್ಲೇ ಬೆಂಕಿ ಹಾಕಿ ಸುಡುತ್ತಾರೆ. ಮಣ್ಣು ಅಗೆಯುವುದರಿಂದ ಮಾರುವವರೆಗೆ ಎಲ್ಲವೂ ಹೆಂಗಸರದೇ. ಮೇಲಿನ ಕೆಂಪು ಕಪ್ಪು ಗೆರೆಗಳು ಅವರ ಹಳಬರ ಹಚ್ಚೆಯನ್ನು ಹೋಲುತ್ತವೆ. 2018ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ತನ್ನ ಪಟ್ಟಿಗೆ ಸೇರಿಸಿತು.

ಅದೇ ಟ್ಯುನೀಸಿಯಾದ ಕಡಲೂರು ಮಹ್ದಿಯಾ. ಸುರತ್ಕಲ್ಲಿನ ನಿಮಗೆ ಈ ಹೆಸರು ಗೊತ್ತಿರಲೇಬೇಕಿತ್ತು! ಅಲ್ಲಿಂದ ಹೊರಟ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 12ನೇ ಶತಮಾನದಲ್ಲಿ ನಿಮ್ಮ ಮಂಗಳೂರಿಗೆ ಬಂದು ನೆಲೆಸಿದ. ಆಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿ ಬಾಳಿಸಿದ. 1149ರಲ್ಲಿ ಯೆಮನ್ನಿನ ಬಂದರು ಏಡನ್ನಿಗೆ ಮರಳುವವರೆಗೆ ಸುಮಾರು 17 ವರ್ಷ ನಮ್ಮ ಪಡುಗಡಲ ದಡದಲ್ಲೇ ಇದ್ದ. ಅವನ ಕಾಗದಪತ್ರಗಳು ಕೈರೋದ ಯಹೂದಿ ಮಂದಿರವೊಂದರ ಉಗ್ರಾಣದಲ್ಲಿ ಸಿಕ್ಕವು. ಮೆಣಸು ಅಡಿಕೆಯ ಜೊತೆಗೆ ಅವನಿಗೆ ಹಿತ್ತಾಳೆ ಕಂಚಿನ ಕಾರ್ಖಾನೆಯೂ ಇತ್ತು. ಏಡನ್ನಿನವರು ಹಳೆಯ ಒಡಕು ಪಾತ್ರೆ ಕಳಿಸಿ, ಇದರಲ್ಲಿ ಹೊಸದು ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು. ಒಬ್ಬನಂತೂ ದೀಪದ ಕಂಬ ಎಂಟು ಮೂಲೆಯದ್ದಾಗಿರಲಿ, ಕಾಲು ಗಟ್ಟಿಯಿರಲಿ ಎಂಬಷ್ಟು ವಿವರ ಕೊಟ್ಟಿದ್ದಾನೆ. ಆ ಕಡಲಿಂದ ಈ ಕಡಲಿಗೆ ಬಂದವನು ನಮ್ಮ ಕಂಚುಗಾರರ ಕೈಯನ್ನು ಹುಡುಕಿಕೊಂಡ, ಅಕ್ಕ. ನೀವು ಕೇಳಿದ್ದು, ದೊಡ್ಡವರು ನಮ್ಮ ಕಡಲೂರುಗಳಿಗೆ ಯಾಕೆ ಬರುವುದಿಲ್ಲ ಎಂದು. ಬಂದವನ ಹೆಸರು ಈಗ ಗೊತ್ತಾಯಿತು. ಆ ದೀಪ ಎರೆದವರ ಓಣಿ ಎಲ್ಲಿದ್ದೀತು ಎಂದು ಮಂಗಳೂರಿನಲ್ಲಿ ಹುಡುಕಿದವರು ನಮ್ಮಲ್ಲಿ ಎಷ್ಟು ಜನ?

ಈ ಮಾತು ಬರೆಯುತ್ತ ಕಪಾಟಿನಿಂದ ನಮ್ಮದೇ ಹಳೆಯ ದೀಪಾವಳಿ ಸಂಚಿಕೆಯೊಂದನ್ನು ತೆಗೆದೆ. ಮುಖಪುಟದ ತುಂಬ ಮಣ್ಣಿನ ಹಣತೆ. ಒಳಗೆ "ಮುಖಪುಟ ಛಾಯಾಚಿತ್ರ" ಎಂದು ಛಾಯಾಗ್ರಾಹಕರ ಹೆಸರಿದೆ, ವಿನ್ಯಾಸಕರ ಹೆಸರಿದೆ. ಹಣತೆ ಮಾಡಿದ ಹೆಂಗಸಿನದಿಲ್ಲ. ನಮ್ಮ ವರದಿಗಾರ ಅವಳ ಮನೆಗೇ ಹೋಗಿ ಹಣತೆ ತಂದಿದ್ದ, ಹೆಸರು ಕೇಳಿರಲಿಲ್ಲ. ಕೇಳಿದೆಯಾ ಎಂದು ನಾನೂ ಕೇಳಿರಲಿಲ್ಲ. ಎಂಟು ವರ್ಷವಾಯಿತು. ನಿಮ್ಮನ್ನು ಗದರಿಸುವ ಹಕ್ಕು ನನಗೆಷ್ಟಿದೆಯೋ ಲೆಕ್ಕ ಹಾಕಿಕೊಳ್ಳಿ.

ನಿಮ್ಮ ಮಗಳಿಗೆ ನನ್ನ ಶಾಬಾಸ್‌ಗಿರಿ ಹೇಳಿ. ಆ ಬೋಗುಣಿಯ ಉಪ್ಪಿನಕಾಯಿ ಮುಗಿದ ದಿನ ಅದನ್ನು ತೊಳೆದು ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು ತಳ ನೋಡಿ. ಬರೀ "ವಲೋರಿಸ್" ಎಂದಿದ್ದರೆ ಅದು ಪ್ರವಾಸಿಗರಿಗೆಂದು ಒತ್ತಿದ್ದಿರಬಹುದು. ಅದರ ಪಕ್ಕದಲ್ಲಿ ಗೀಚಿದ ಒಂದು ಹೆಸರೋ ಎರಡಕ್ಷರವೋ ಇದ್ದರೆ, ಅದನ್ನು ಹಾಗೆಯೇ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.