ಹೂವಿನ ಅಜ್ಜಿಯ ಚಿತ್ರದ ಕೆಳಗಿನ ಆ ಸಾಲಿನ ಬಗ್ಗೆ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂವು ಮಾರುವ ಅಜ್ಜಿಯನ್ನು ಮೇಲಿನ ಮಹಡಿಯಿಂದ, ದೂರದ್ದನ್ನು ಹತ್ತಿರ ತರುವ 300 ಎಂಎಂ ಲೆನ್ಸಿನಲ್ಲಿ ಸೆರೆಹಿಡಿದು, ನಮ್ಮ ಈ ಛಾಯಾಗ್ರಹಣ ಗುಂಪಿನಲ್ಲಿ ಹಾಕಿ, ಕೆಳಗೆ ‘ಮಕ್ಕಳು ಮರೆತ ತಾಯಿ’ ಎಂದು ಬರೆದಿರುವ ಮಿತ್ರರೇ, ಆಕೆಯೊಂದಿಗೆ ಮಾತನಾಡಿಲ್ಲವೆಂದು ತಾವೇ ತಿಳಿಸಿದ್ದೀರಿ. ನೀವು ಕೇಳಿದ್ದು ಫೋಕಸ್ ಬಗ್ಗೆ. ಫೋಕಸ್ ಸರಿಯಾಗಿಯೇ ಇದೆ. ಆ ಸಾಲನ್ನು ಮಾತ್ರ ದಯವಿಟ್ಟು ಇಂದೇ ತೆಗೆದುಹಾಕಿ.

ಇದೇ ತಪ್ಪನ್ನು ನಾನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಾಡಿದ್ದೇನೆ. ವೀಳ್ಯದೆಲೆ ಮಾರುವ ಅಜ್ಜಿಯೊಬ್ಬರನ್ನು ದೂರದಿಂದ ತೆಗೆದು, ಅವರ ಒಂಟಿತನದ ಬಗ್ಗೆ ನಾಲ್ಕು ಸಾಲು ಕಟ್ಟಿ ಪ್ರಕಟಿಸಿದ್ದೆ. ಮೂರು ವಾರಗಳ ನಂತರ ಹೋದಾಗ, ಪಕ್ಕದ ಅಂಗಡಿಯ ಹುಡುಗ ಅದನ್ನು ಅವರಿಗೆ ಓದಿ ಹೇಳಿದ್ದ. “ನನ್ನ ಮಕ್ಕಳು ನಿನಗೇನು ಮಾಡಿದ್ರಪ್ಪಾ?” ಎಂದು ಅವರು ಕೇಳಿದರು. ಇಬ್ಬರು ಗಂಡುಮಕ್ಕಳೂ ಅದೇ ವ್ಯಾಪಾರದಲ್ಲಿದ್ದು, ನಾನು ಚಿತ್ರ ತೆಗೆದ ಹೊತ್ತಿನಲ್ಲಿ ಎಲೆ ಇಳಿಸಲು ಹೋಗಿದ್ದರು, ಅಷ್ಟೇ. ಕ್ಷಮೆ ಕೇಳಿ ಚಿತ್ರವನ್ನು ಅಳಿಸಿದೆ. ಆದರೆ ಅಷ್ಟರಲ್ಲಿ ಹಂಚಿಹೋಗಿದ್ದ ಪ್ರತಿಗಳನ್ನು ಹಿಂದಕ್ಕೆ ಪಡೆಯಲಾಗಲಿಲ್ಲ.

1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ವಲಸೆ ಕಾರ್ಮಿಕ ತಾಯಿಯೊಬ್ಬಳ ಪ್ರಸಿದ್ಧ ಚಿತ್ರ ತೆಗೆದ ಡೊರೊಥಿಯಾ ಲ್ಯಾಂಗ್, ಆಕೆಯ ಹೆಸರನ್ನಾಗಲಿ ಹಿನ್ನೆಲೆಯನ್ನಾಗಲಿ ಕೇಳಲಿಲ್ಲವೆಂದು ಮುಂದೆ ತಾವೇ ಬರೆದರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ, ಮತ್ತು ಆ ಚಿತ್ರದ ಬಗ್ಗೆ ಆಕೆಗೆ ಅಸಮಾಧಾನವೇ ಇತ್ತು.

ಮೈಸೂರಿನ ಆ ಘಟನೆಯ ನಂತರ ನಾನು ಜೂಮ್ ಲೆನ್ಸನ್ನು ಮನೆಯಲ್ಲೇ ಬಿಟ್ಟು 50 ಎಂಎಂ ಲೆನ್ಸ್ ಮಾತ್ರ ಒಯ್ಯುತ್ತೇನೆ. ಕ್ರಾಪ್ ಬಾಡಿಯಲ್ಲಿ, ಅಂದರೆ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ, ಅದು 75–80 ಎಂಎಂನಂತೆ ಕೆಲಸ ಮಾಡುವುದರಿಂದ, ಮಾತನಾಡುವ ದೂರದಲ್ಲಿ ನಿಂತರೆ ಮುಖವೂ ಎದೆಯೂ ಚೌಕಟ್ಟಿಗೆ ಒಗ್ಗುತ್ತವೆ. ನಿಕಾನ್ ಇರಲಿ, ಕ್ಯಾನನ್ ಇರಲಿ, ಅಗ್ಗದ ಎಫ್ 1.8 ಲೆನ್ಸೇ ಸಾಕು (ಈ ಅಂಕಿ ಲೆನ್ಸಿನ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ಅಗಲ, ಹಿನ್ನೆಲೆ ಮಸುಕು), 1.4ಕ್ಕೆ ಹೆಚ್ಚು ಹಣ ಸುರಿಯುವುದು ಈ ಕೆಲಸಕ್ಕೆ ವ್ಯರ್ಥವೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಎಫ್ 4ರ ಸುಮಾರಿನಲ್ಲಿಟ್ಟು ತಕ್ಕಡಿ, ಬುಟ್ಟಿ, ದಾರದ ಉಂಡೆ ಕಾಣುವಂತೆ ತೆಗೆದರೆ ಮಾತ್ರ ಚಿತ್ರದಲ್ಲಿ ಆ ವ್ಯಕ್ತಿಯ ಬದುಕು ಉಳಿಯುತ್ತದೆ. ನೀಲಿ ಟಾರ್ಪಾಲಿನ ಅಡಿಯಲ್ಲಿ ಮುಖವೂ ನೀಲಿಯಾಗುತ್ತದೆ. ಅದನ್ನು ಮರೆಮಾಚಲು ಕಪ್ಪು-ಬಿಳುಪು ಮಾಡಿ, ಗೆರೆಗಳನ್ನು ಎದ್ದುಕಾಣಿಸುವ ‘ಕ್ಲಾರಿಟಿ’ ಏರಿಸಿ ಸುಕ್ಕುಗಳನ್ನು ಕೊರೆಯುವ ಅಭ್ಯಾಸವನ್ನು ಈ ಗುಂಪಿನಲ್ಲಿ ಹಲವರು ಬಿಡಬೇಕು. ಚಿತ್ರದಲ್ಲಿರುವವರನ್ನು ಬೆಳಕು ಬರುವ ಅಂಗಡಿಯ ಬಾಯಿಯ ಕಡೆಗೆ ತುಸು ತಿರುಗಲು ಕೇಳಿಕೊಂಡರೆ ಸಾಕು.

ನಸುಕಿನ ಸಗಟು ವ್ಯಾಪಾರದ ಹೊತ್ತಿನಲ್ಲಿ ಮಾತಿಗಿಳಿಯಬೇಡಿ, ಗಿರಾಕಿ ಕೈತಪ್ಪುತ್ತದೆ. ಬಿಡುವಾದ ಮೇಲೆ ಒಂದು ಮೊಳ ಹೂವು ಕೊಂಡು, ಹೆಸರು ಕೇಳಿ, ಏಕೆ ತೆಗೆಯುತ್ತಿದ್ದೇನೆಂದು ಹೇಳಿ. ಧ್ವನಿಮುದ್ರಣಕ್ಕೂ, ಹೆಸರು ಪ್ರಕಟಿಸುವುದಕ್ಕೂ ಬೇರೆಬೇರೆಯಾಗಿ ಒಪ್ಪಿಗೆ ಬೇಕು, ಮಕ್ಕಳಾದರೆ ಹೆತ್ತವರದು. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ಮುಖ್ಯವಾಗಿ, ಮುದ್ರಿತ ಪ್ರತಿಯೊಂದಿಗೆ ಹಿಂತಿರುಗಿ. ಇನ್‌ಸ್ಟ್ಯಾಕ್ಸ್ ಮಿನಿ ಎಂಬ, ಕೂಡಲೇ ಚಿತ್ರ ಕೊಡುವ ಕ್ಯಾಮೆರಾದ ಚಿತ್ರ 62×46 ಮಿ.ಮೀ. ಮಾತ್ರ, ವಯಸ್ಸಾದವರ ಕಣ್ಣಿಗೆ ಅದು ಸಾಲದು. ಲ್ಯಾಬ್‌ನಲ್ಲಿ 6×8 ಇಂಚಿನ ಪ್ರತಿ ಮಾಡಿಸಿ. ಹೂವಿನವರ ಕೈ ಸದಾ ಒದ್ದೆಯಾಗಿರುವುದರಿಂದ ಲ್ಯಾಮಿನೇಷನ್ ತಪ್ಪಿಸಬೇಡಿ. ಆ ಪ್ರತಿಯನ್ನು ಕೊಡುವಾಗ ನೀವು ಬರೆದ ಸಾಲುಗಳನ್ನು ಅವರಿಗೇ ಓದಿ ಹೇಳಿ, ಅವರು ಬೇಡವೆಂದದ್ದನ್ನು ಅಲ್ಲೇ ಹೊಡೆದುಹಾಕಿ, ಅನಂತರವೇ ಇಲ್ಲಿ ಹಾಕಿ.